ಹತ್ತು ಮಿಲಿಸೆಕೆಂಡಿನ ಮುಂದೆ ಯಾಕಕ್ಕ

ಭಾನುವಾರ, ಬೆಳಗ್ಗೆ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಚಹಾ. ಲಿಫ್ಟ್ ರಿಪೇರಿ ಮಾಡಿ ಬದುಕುವ ಈ ಐವತ್ತೆರಡರ ಹೆಂಗಸು ಹನ್ನೊಂದು ದಿನದಿಂದ ಪ್ರೋಗ್ರಾಮಿನ ಒಂದೇ ಒಂದು ಸಾಲನ್ನು ದಿಟ್ಟಿಸುತ್ತಿದ್ದಾರೆ. ಅದು ಹೇಳುವುದಿಷ್ಟೇ: ಹತ್ತು ಮಿಲಿಸೆಕೆಂಡ್ ಕಾಯಿ. "ಹತ್ತೇ ಯಾಕೆ? ಒಂಬತ್ತು ಯಾಕಲ್ಲ?" ಎಂದು ಗೋಡೆಯನ್ನು ಕೇಳುತ್ತಾರೆ.

ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಒಳಗಿಂದ ನಡೆಸುವ ತಿರುಳಿಗೆ ಕರ್ನಲ್ ಎಂದು ಹೆಸರು. ಅದಕ್ಕೆ ಎಲ್ಲೆಲ್ಲಿಂದಲೋ ಪ್ಯಾಚ್‌ಗಳು, ಅಂದರೆ ಪುಟ್ಟ ತಿದ್ದುಪಡಿಗಳು ಬರುತ್ತವೆ. ಕೆಲಸಕ್ಕೆ ಹೊರಡುವ ಮುಂಚೆ ದಿನಕ್ಕೆ ಏಳೆಂಟನ್ನು ಇವರು ಬಿಟ್ಟಿಯಾಗಿ ಪರಿಶೀಲಿಸುತ್ತಾರೆ. ಸರಿಯಿದ್ದರೆ ಕೆಳಗೆ 'ನೋಡಿದ್ದೇನೆ' ಎಂದು ಹೆಸರು ಹಾಕುತ್ತಾರೆ. ಆ ಹೆಸರು ಮತ್ತೆಂದೂ ಅಳಿಸಿಹೋಗುವುದಿಲ್ಲ. ಅನುಮಾನ ಬಂದರೆ 'ಯಾಕೆ?' ಎಂದು ಬರೆಯುತ್ತಾರೆ. ಅನುಮಾನ ಬಾರದ ದಿನವೇ ಇಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಇವರು ಯಾಕಕ್ಕ.

ಈ ಸಾಲನ್ನು ಕಳಿಸಿದವನು ಆಸ್ಪತ್ರೆಗಳಿಗೆ ಉಸಿರಾಟದ ಯಂತ್ರ ಮಾಡಿಕೊಡುವ ಕಾರ್ಖಾನೆಯ ತಂತ್ರಜ್ಞ. ಕಳಿಸಲು ಸಿದ್ಧವಾದ, ಇದೇ ಕರ್ನಲ್ ಮೇಲೆ ನಡೆಯುವ ನಲವತ್ತು ಹೊಸ ಯಂತ್ರಗಳು ಆಗಾಗ ತಾವಾಗೇ ನಿಂತುಬಿಡುತ್ತಿವೆ. "ಈ ಸಾಲು ಹಾಕಿದ್ರೆ ನಿಲ್ಲಲ್ಲ, ತೆಗೆದ್ರೆ ನಿಲ್ಲುತ್ತೆ. ಯಾಕೆ ಅಂತ ನಂಗೂ ಗೊತ್ತಿಲ್ಲ. ಒಪ್ಕೊಂಡ್ಬಿಡಿ ಅಕ್ಕ, ಆಸ್ಪತ್ರೆಯವ್ರು ಕಾಯ್ತಿದಾರೆ" ಎಂದು ಬರೆದಿದ್ದಾನೆ. ಇಂದು ತಪ್ಪಿದರೆ ಕರ್ನಲ್‌ನ ಮುಂದಿನ ಆವೃತ್ತಿಗೆ ಒಂಬತ್ತು ವಾರ.

ಯಾಕಕ್ಕನಿಗೆ ತಲೆಬುಡ ಅರ್ಥವಾಗುತ್ತಿಲ್ಲ. ಮೂರು ವರ್ಷದ ಹಿಂದೆ ಇಂಥದ್ದೇ 'ಕಾಯಿ' ಎನ್ನುವ ಸಾಲಿಗೆ ಕಣ್ಣುಮುಚ್ಚಿ ಹೆಸರು ಹಾಕಿದ್ದರು. ಆರು ತಿಂಗಳಿಗೆ ಬೇರೆಲ್ಲೋ ಕಂಪ್ಯೂಟರುಗಳು ಒಂದರ ಹಿಂದೊಂದು ಕೆಟ್ಟು ನಿಂತವು. "ರೋಗ ಹೋಗಿರ್ಲಿಲ್ಲ, ಬಚ್ಚಿಟ್ಕೊಂಡಿತ್ತು. ಕೆಳಗೆ ನನ್ನ ಹೆಸ್ರು! ತಿಂಗಳುಗಟ್ಟಲೆ ಯಾರಿಗೂ ಉತ್ತರ ಬರೆಯೋ ಮುಖ ಇರ್ಲಿಲ್ಲ" ಎನ್ನುವಾಗ ಈಗಲೂ ತಲೆ ತಗ್ಗಿಸುತ್ತಾರೆ.

ಬಸ್ ಓಡಿಸುವ ಗಂಡ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ ಇಣುಕುತ್ತಾರೆ. "ಅರ್ಥ ಆಗ್ಲಿಲ್ಲ ಅಂತ ಬರಿ. ಗಂಟೇನು ಹೋಗುತ್ತೆ?"

"ಉಸಿರು ಹೋಗುತ್ತೆ ರೀ. ಒಪ್ಪಿದ್ರೂ ಭಯ, ಬಿಟ್ರೂ ಭಯ."

ಕೊನೆಗೆ ಅವರಿಗೆ ನೆನಪಾಗುವುದು ಲಿಫ್ಟುಗಳೇ. ಚಳಿಯ ಮುಂಜಾನೆ, ಮೊದಲ ಸಲ ಗುಂಡಿ ಒತ್ತಿದಾಗಲೇ ಅವು ಮೊಂಡು ಹಿಡಿಯುವುದು. "ನಂಗೆ ಅರ್ಥ ಆಗಿಲ್ಲ, ಹೆಸ್ರು ಹಾಕಲ್ಲ. ರಾತ್ರಿಯೆಲ್ಲ ಆಫ್ ಮಾಡಿ, ತಣ್ಣಗಿದ್ದಾಗ ಆನ್ ಮಾಡಿ ನೋಡಿದೀರಾ?" ಎಂದು ಬರೆಯುತ್ತಾರೆ. ತಂತ್ರಜ್ಞ ಕೆಂಡಾಮಂಡಲ. "ಇದು ಲಿಫ್ಟಲ್ಲ ಅಕ್ಕ!" ಎಂಬ ಉತ್ತರ ಬರುತ್ತದೆ. ಗಡುವು ಮುಗಿಯುತ್ತದೆ. ಎರಡು ದಿನ ಯಾಕಕ್ಕ ಗಳಿಗೆಗೊಮ್ಮೆ ಪತ್ರ ಬಂತೇ ಎಂದು ತೆರೆದು ನೋಡುತ್ತಾರೆ.

ಮಂಗಳವಾರ ಅವನ ಪತ್ರ: "ತಣ್ಣಗಿದ್ದಾಗ ಹತ್ತು ಹಾಕಿದ್ರೂ ನಿಂತೋಯ್ತು. ಇಪ್ಪತ್ತು ಹಾಕಿದ್ರೂ ಅಷ್ಟೇ. ಯಂತ್ರ ಒಂದನ್ನೂ ಕಳಿಸ್ತಿಲ್ಲ. ಈಗ ಏನೂ ತಿಳೀತಿಲ್ಲ ಅಕ್ಕ."

"ನಂಗೂ ತಿಳೀತಿಲ್ಲ" ಎಂದು ಉತ್ತರ ಬರೆದು ಯಾಕಕ್ಕ ಪಾನಾಗಳ ಚೀಲ ಹೆಗಲಿಗೇರಿಸುತ್ತಾರೆ. ಬಾಗಿಲಲ್ಲಿ ಗಂಡನಿಗೆ ಹೇಳುತ್ತಾರೆ: "ಆದ್ರೆ ಈ ಸಲ, ತಿಳಿದಿದೆ ಅಂತ ಸುಳ್ಳು ಹೇಳಿಲ್ಲ ನೋಡಿ."