ಮಂಡಿಯೂರಿದ ಯೋಗೇಂದ್ರ

ಕೃಷ್ಣಮೂರ್ತಿಪುರಂನ ಯೋಗೇಂದ್ರ ನೆಂಟರನ್ನೆಲ್ಲ ಕೂರಿಸಿಕೊಂಡು ಟೀವಿಯಲ್ಲಿ ಕಾಡುಪ್ರಾಣಿ ತೋರಿಸಲು ಹೋದರೆ, ತೆರೆ ತುಂಬ ಮೂಡಿದ್ದು ಅಂಬೆಗಾಲಿಡುತ್ತಿದ್ದ ಅವರದೇ ಹಿಂಭಾಗ. ಚಿರತೆಯ ಚಿತ್ರ ಸಿಗಲೆಂದು ಇಲವಾಲದ ಗೆಳೆಯರ ತೋಟದಲ್ಲಿ ಅವರು ಮರಕ್ಕೆ ಕಟ್ಟಿರುವ ಕ್ಯಾಮೆರಾ, ಮುಂದೆ ಏನು ಅಲುಗಿದರೂ ಫ್ಲ್ಯಾಶ್ ಹೊಡೆದು ಚಿತ್ರ ತೆಗೆಯುತ್ತದೆ. ಅದನ್ನು ಪರೀಕ್ಷಿಸಲು ಚಿರತೆಯ ಎತ್ತರಕ್ಕೆ ಬಗ್ಗಿ, ಕೈಕಾಲೂರಿ ತಾವೇ ದಾಟುವುದು ಪ್ರತಿ ಭಾನುವಾರದ ವ್ರತ. ಮಂಡಿಗೆ ಎಣ್ಣೆ ತಿಕ್ಕಿಕೊಂಡೇ ಮೂರು ವರ್ಷ ಕಳೆದರೂ ಬಿಟ್ಟಿಲ್ಲ. ಇದು ಛಾಯಾಗ್ರಹಣವಲ್ಲ, ಛಲಗ್ರಹಣ. ತೋರಿಸಿದ್ದೆಲ್ಲ ಮುಂಗುಸಿ, ಮುಳ್ಳುಹಂದಿ, ಪಕ್ಕದ ಜಮೀನಿನ ಎಮ್ಮೆ. "ಏನ್ಸಾರ್, ನಿಮ್ಮ ಚಿರತೆ ರಜಾ ಹಾಕಿದ್ಯಾ?" ಎಂದು ಬೀದಿಯವರು ಕೆಣಕಿದರೆ, "ಮುಂದಿನ ವಾರ ನೋಡಿ" ಎಂದು ನಗುತ್ತಾರೆ. ಗಂಡನ ಮೇಲಿನ ಈ ಗೇಲಿ ತಡೆಯಲಾರದೆ ಒಂದು ದಿನ ಸುಚಿತ್ರಾ ಕೇಳಿಯೇಬಿಟ್ಟರು: "ರೀ, ನಿಜ ಹೇಳಿ, ಒಂದ್ಸಲಾನೂ ಬರ್ಲಿಲ್ವಾ?" "ಹೋದ ವರ್ಷವೇ ಬಂದಿತ್ತು ಕಣೆ, ಎರಡು ಮರಿ ಕರ್ಕೊಂಡು. ಊರಿಗೆಲ್ಲ ಗೊತ್ತಾದ್ರೆ ಬೋನು ಇಡಿಸ್ತಾರೆ ಅಂತ ಅಳಿಸ್ಬುಟ್ಟೆ."