ಲಿಂಗವಿಲ್ಲದ ಗುಡಿಯಲ್ಲಿ ಅತ್ತೆ

ನಮ್ಮತ್ತೆಯ ತಕರಾರಿಗೆ ಉತ್ತರ ಕೊಡುವವರು ಇನ್ನೂ ಹುಟ್ಟಿಲ್ಲ. ಬಾಗಲಕೋಟೆ ಕಡೆಯಿಂದ ಬೊಮ್ಮಸಂದ್ರದ ನಮ್ಮ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಬಂದ ದಿನವೇ ಶುರು: “ಮ್ಯಾಲಿನವರ ಬಚ್ಚಲ ನಮ್ಮ ನೆತ್ತಿ ಮ್ಯಾಲೆ, ನಮ್ಮ ಬಚ್ಚಲ ಕೆಳಗಿನವರ ನೆತ್ತಿ ಮ್ಯಾಲೆ. ನಡುವ ಕುಂತು ಪೂಜಿ ಹೆಂಗ ಮಾಡ್ಲಿ?” ಸ್ವಲ್ಪ ದಿನ ಹೇಗೋ ಸಹಿಸಿದರು. ಆಮೇಲೆ ಮಗನ ಕೈಲಿ ಊರಿಗೆ ಟಿಕೆಟ್ ಮಾಡಿಸಿಕೊಂಡೇಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಏಳು ತಿಂಗಳ ಬಸುರಿ ನಾನು. ಬಾಣಂತನ ಮಾಡಲು ತವರಿನಲ್ಲಿ ತಾಯಿ ಇಲ್ಲ. ಇರಿ ಅಂತ ಬಾಯಿಬಿಟ್ಟು ಕೇಳಲು ಬಿಗುಮಾನ. ಅವರು ಹೊರಡುವ ಹಿಂದಿನ ದಿನ ಬೆಳಿಗ್ಗೆ, ಸ್ನಾನ ಮುಗಿಸಿ ಇನ್ನೂ ಪೂಜೆಗೆ ಕೂತಿರಲಿಲ್ಲ, “ಡಾಕ್ಟ್ರು ನಡೀಬೇಕು ಅಂದಿದ್ದಾರೆ, ಬನ್ನಿ ಅತ್ತೆ” ಎಂದು ಸರ್ಜಾಪುರದ ಕಡೆಯ ಪಾರ್ಕಿಗೆ ಹೊರಡಿಸಿದೆ.

ಆಹಾ, ಆ ಪಾರ್ಕು! ಕಾರ್ಖಾನೆ ಬಸ್ಸುಗಳ ಹಾರ್ನು ಗೇಟಿನಲ್ಲೇ ನಿಂತುಹೋಗುತ್ತದೆ. ಹೊಂಗೆಮರಗಳ ಕೆಳಗೆ ಮಣ್ಣಿನ ದಾರಿ, ಕೆರೆಯಂಚಿನಲ್ಲಿ ಬೆಳ್ಳಕ್ಕಿಗಳು, ದಾರಿಯ ಕೊನೆಗೆ ಪಾಳುಬಿದ್ದ ಈಶ್ವರನ ಗುಡಿ. ಅರ್ಧ ಚಾವಣಿ ಕುಸಿದಿದ್ದರೂ ಕಂಬಗಳ ಮೇಲಿನ ಬಳ್ಳಿಯ ಕೆತ್ತನೆ ಇನ್ನೂ ಎಷ್ಟು ಚೊಕ್ಕ! ಗರ್ಭಗುಡಿಯಲ್ಲಿ ಮಾತ್ರ ಬರೀ ಪೀಠ; ಲಿಂಗ ಯಾವ ಕಾಲದಲ್ಲೋ ಮಾಯವಾಗಿದೆ. ಚಪ್ಪಲಿ ಕೈಲಿ ಹಿಡಿದು ಮಣ್ಣಿನಲ್ಲೇ ನಡೆದು ಬಂದಿದ್ದ ಅತ್ತೆ, ಗುಡಿಯ ಕಲ್ಲುನೆಲವನ್ನು ಸೆರಗಿನಿಂದ ಒರೆಸಿ ಕುಳಿತೇಬಿಟ್ಟರು.

“ಅಮ್ಮಾ, ಅಲ್ಲಿ ಪೂಜೆ-ಗೀಜೆ ಮಾಡಂಗಿಲ್ಲ. ಒಳ್ಗೆ ದೇವ್ರೂ ಇಲ್ಲ ಕಣಮ್ಮ,” ಎಂದು ಕಾವಲುಗಾರ ಓಡಿಬಂದ.

“ನಮ್ಮ ದೇವರನ್ನ ನಾನ ತಂದೀನಿ ತಮ್ಮಾ. ದೀಪ ಹಚ್ಚೂದಿಲ್ಲ, ಕಾಯಿ ಒಡಿಯೂದಿಲ್ಲ. ನೀ ಚಿಂತಿ ಬಿಡು.”

ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು. ಚೀಲದಲ್ಲಿದ್ದ ವಿಭೂತಿ, ನನ್ನ ಬಾಟಲಿಯ ನೀರು, ಗುಡಿಯ ಪಕ್ಕದ ಪಾರಿಜಾತದ ಮರದಡಿ ಉದುರಿದ್ದ ಹೂ, ಅಷ್ಟೇ. ರೆಪ್ಪೆ ಮಿಟುಕಿಸದೆ ನೋಡುತ್ತ ಕುಳಿತ ಅವರ ಮುಖ ನಮ್ಮ ಮನೆಗೆ ಬಂದಮೇಲೆ ಮೊದಲ ಸಲ ಸಡಿಲವಾಗಿತ್ತು. ಎಂಥ ಹೆಂಗಸಪ್ಪಾ ಇವರು ಅನ್ನಿಸಿತು. ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಕಾವಲುಗಾರ ಕೈಕಟ್ಟಿ ನಿಂತಿದ್ದ.

ಮುಗಿಸಿ ಎದ್ದವರು ನನ್ನ ಹಣೆಗೂ ವಿಭೂತಿ ಹಚ್ಚಿದರು. ಆಮೇಲೆ ಅವನ ಕಡೆ ತಿರುಗಿ, “ಮುಂಜಾನೆ ಬಾಗ್ಲಾ ಎಷ್ಟಕ್ಕ ತಗೀತೀರಪಾ?” ಎಂದು ಕೇಳಿದರು.

“ಐದೂವರೆಗೆ ಅಮ್ಮಾ.”

“ಹಂಗಾರ ಟಿಕೀಟು ವಾಪಸ್ ಮಾಡು ಅಂತ ನಿನ್ನ ಗಂಡಗ ಹೇಳು,” ಎಂದು ನನ್ನ ಕೈ ಹಿಡಿದರು. “ಕೂಸು ಹುಟ್ಟೂತನಕ ದಿನಾ ಲಗೂನ ಬರೂಣು. ಬಿಸಲಾಗ ನೀ ನಡೀಬಾರ್ದು.”