ಟಚಪ್ ಮೇಷ್ಟ್ರ ಹಳೇ ಲ್ಯಾಪ್‌ಟಾಪ್

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಕರೆಯುವುದು ಟಚಪ್ ಮೇಷ್ಟ್ರು ಎಂದು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹರಿದ, ಮಾಸಿದ ಫೋಟೊಗಳನ್ನು ಸರಿಮಾಡಿಕೊಡುವುದು ಅವರ ಕಸುಬು. ಮೊದಲು ಕುಂಚದಲ್ಲಿ ಮಾಡುತ್ತಿದ್ದರು, ಆಮೇಲೆ ಲ್ಯಾಪ್‌ಟಾಪಿನಲ್ಲಿ. ಮೌಸ್ ಮಾತ್ರ ಮುಟ್ಟಿದವರಲ್ಲ. "ಮುಖ ಸವರೋದಕ್ಕೆ ಬೆರಳೇ ಬೇಕು ನೋಡು" ಎಂದು ಟಚ್‌ಪ್ಯಾಡಿನ ಮೇಲೇ ಎಲ್ಲ ಕೆಲಸ.

ಆ ಹಳೇ ಲ್ಯಾಪ್‌ಟಾಪಿಗೆ ಈಚೆಗೆ ಹುಚ್ಚು ಹಿಡಿಯಿತು. ಫೋಟೊದ ಕೆನ್ನೆಯ ಮೇಲಿಟ್ಟ ಕರ್ಸರಿನ ಬಾಣ ಕಿವಿಗೆ ಹಾರುತ್ತಿತ್ತು, ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತಿತ್ತು. ಯಾರದೋ ಅಜ್ಜಿಯ ಮೂಗನ್ನೇ ಅಳಿಸಿಹಾಕಿತು. ನನಗೋ ಮೈಯೆಲ್ಲ ಉರಿ. "ಈ ದರಿದ್ರದ್ದನ್ನ ಬಿಸಾಕ್ರೀ!" ಎಂದೆ. ಅವರು ಕೇಳಬೇಕಲ್ಲ! ಚಾರ್ಜರ್ ಕಿತ್ತು ನೋಡಿದರು, ಒಣಬಟ್ಟೆಯಲ್ಲಿ ಒರೆಸಿದರು, ಸೆಟ್ಟಿಂಗಿನಲ್ಲಿ ವೇಗ ಇಳಿಸಿದರು. ಬೆರಳು ಬೆವರುತ್ತದೇನೋ ಎಂದು ನಾನೇ ಮುಖಕ್ಕೆ ಹಚ್ಚುವ ಪೌಡರ್ ತಂದು ಬಳಿದೆ. ಪ್ಯಾಡೆಲ್ಲ ಬೆಳ್ಳಗಾಗಿ ಇಬ್ಬರೂ ನಕ್ಕೆವು. ಬಾಣ ಕುಣಿಯುತ್ತಲೇ ಇತ್ತು.

ಕೊನೆಗೆ ರಿಪೇರಿಯವನನ್ನು ಮನೆಗೇ ಕರೆಸಿದೆ. ಬ್ಯಾಟರಿ ಊದಿಕೊಂಡು ಪ್ಯಾಡನ್ನು ಕೆಳಗಿನಿಂದ ಎತ್ತುತ್ತಿರಬಹುದು ಎಂದು ಬಿಚ್ಚಿ ನೋಡಿದ. ಊದಿರಲಿಲ್ಲ. ಪ್ಯಾಡನ್ನೇ ಹೊಸದು ಹಾಕಿ, ತಾನೇ ಕೂತು ಬೆರಳಾಡಿಸಿದ. ಬಾಣ ನೆಟ್ಟಗೆ ಹೋಯಿತು. ನಾನು ಆಡಿಸಿದೆ, ಆಗಲೂ ಸರಿಯಾಗಿತ್ತು. ಯಜಮಾನರು ಕೂತರು. ಬಾಣ ಹಣೆಯಿಂದ ಗದ್ದಕ್ಕೆ ಹಾರಿತು.

ರಿಪೇರಿಯವನ ಕಣ್ಣು ಅವರ ಕೈಮೇಲೆಯೇ ಇತ್ತು. ನಾನೂ ನೋಡಿದೆ. ಬೆರಳು ಸಣ್ಣಗೆ ನಡುಗುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ.

"ಅಕ್ಕ, ಮೆಷಿನ್ದೇನೂ ತಪ್ಪಿಲ್ಲ..." ಎಂದ.

"ನಂಗೆ ಕೆಲಸ ಬರಲ್ಲ ಅನ್ನು! ಎತ್ಕೊಂಡು ಹೋಗು ನಿನ್ನ ಸಾಮಾನು!" ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ತಲೆ ತಗ್ಗಿಸಿಕೊಂಡು ಹೋದ.

"ಅವನನ್ಯಾಕೆ ಬೈತೀಯ?" ಎಂದರು ಯಜಮಾನರು. "ನಂಗೆ ಗೊತ್ತಿತ್ತು. ಲೋಟ ಹಿಡಿದರೂ ಹೀಗೇ ಆಗ್ತಿದೆ. ದೇವರೇ, ಮೆಷಿನ್ದೇ ತಪ್ಪಾಗಿರಲಿ ಅಂತಿದ್ದೆ, ಅಷ್ಟೇ."

"ಡಾಕ್ಟರ್ ಹತ್ರ ಹೋಗೋಣ ರೀ, ಸರಿಹೋಗುತ್ತೆ" ಎಂದೆ.

"ಹೋಗೋಣ. ಮೊದಲು ಇದನ್ನ ಮುಗಿಸೋಣ. ಸಂಜೆ ಈ ಫೋಟೊದ ಹುಡುಗಿಯ ಅಮ್ಮ ಬರ್ತಾರೆ" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. "ನೀನು ಬೆರಳಾಡಿಸು, ನಾನು ಹೇಳ್ತೀನಿ."

ಸ್ಕ್ರೀನಿನ ಮೇಲೆ ಹುಡುಗಿಯ ಮುಖ, ಹಣೆಯುದ್ದಕ್ಕೂ ಫೋಟೊ ಮಡಚಿಟ್ಟ ಬಿಳಿ ಗೆರೆ. "ಮೆತ್ತಗೆ... ಇನ್ನೂ ಸ್ವಲ್ಪ ಮೇಲೆ..." ಎನ್ನುತ್ತ ಹಿಂದೆ ನಿಂತರು. ಗೆರೆಯ ಜೊತೆಗೆ ನಾನು ಹುಬ್ಬಿನ ತುದಿಯನ್ನೂ ಸವರಿ ಅಳಿಸಿಬಿಟ್ಟೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಊಟ ಬಿಟ್ಟು ಮತ್ತೆ ಮೊದಲಿಂದ ಮಾಡುತ್ತಿದ್ದ ಮನುಷ್ಯ. ಈಗ ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಕಾದೆ.

"ಇರಲಿ ಬಿಡು" ಎಂದರು. "ಯಾರಿಗೆ ಗೊತ್ತಾಗುತ್ತೆ."

ಆ ಮಾತು ಕೇಳಿದ್ದೇ, ಅವರ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತೆ.